ಪೆಟ್ರಿಫೈಡ್ ಫಾರೆಸ್ಟ್: ಸಾಮಿಲ್‌ನಲ್ಲಿ ಕೆಲಸ ಮಾಡಿದ ಅಪ್ಪನ ಜೊತೆ ಕಲ್ಲಾದ ಮರ ನೋಡಿ ಬಂದೆ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಊರಿಂದ ಬಂದಿದ್ದ ಅಪ್ಪ ಅಮ್ಮನನ್ನು ಮಾರ್ಚ್‌ನಲ್ಲಿ ಅರಿಝೋನಾದ ಪೆಟ್ರಿಫೈಡ್ ಫಾರೆಸ್ಟ್ ನ್ಯಾಷನಲ್ ಪಾರ್ಕ್‌ಗೆ ಕರೆದುಕೊಂಡು ಹೋಗಿದ್ದೆ. ಗ್ರ್ಯಾಂಡ್ ಕ್ಯಾನ್ಯನ್ ಬಗ್ಗೆ ಇಲ್ಲಿ ಬೇಕಾದಷ್ಟು ಬರಹ ಇದೆ, ಇದರ ಬಗ್ಗೆ ಒಂದೂ ಕಾಣಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ತೀರ್ಥಹಳ್ಳಿ ಕಡೆ ಒಂದು ಸಾಮಿಲ್‌ನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವರು. ಮರ ನೋಡಿದ ಕೂಡಲೇ ಜಾತಿ ಹೇಳುತ್ತಾರೆ, ಎಷ್ಟು ಸಿಎಫ್‌ಟಿ (ಘನ ಅಡಿ) ಬರುತ್ತೆ ಅಂತ ಕಣ್ಣಳತೆಯಲ್ಲೇ ಲೆಕ್ಕ ಹಾಕುತ್ತಾರೆ. ಗ್ರ್ಯಾಂಡ್ ಕ್ಯಾನ್ಯನ್ ಅಂಚಿನಲ್ಲಿ ಹತ್ತು ನಿಮಿಷ ನಿಂತು "ಚೆನ್ನಾಗಿದೆ" ಅಂದು ಕಾರಿಗೆ ಬಂದು ಕೂತಿದ್ದರು. ಇಲ್ಲಿ ಮಾತ್ರ ಸಂಜೆ ಗೇಟು ಮುಚ್ಚುವ ಹೊತ್ತಾದರೂ ಹೊರಡಲು ಮನಸ್ಸು ಮಾಡಲಿಲ್ಲ.

ಮೊದಲು ಹೋಗಿದ್ದು ದಕ್ಷಿಣದ ಬಾಗಿಲಿನ ಹತ್ತಿರ ಇರುವ ರೈನ್‌ಬೋ ಫಾರೆಸ್ಟ್ ಮ್ಯೂಸಿಯಂಗೆ. ಅದರ ಹಿಂದೆಯೇ ಜೈಂಟ್ ಲಾಗ್ಸ್ ಅನ್ನುವ ಚಿಕ್ಕ ದಾರಿ. ಮೊದಲ ದಿಮ್ಮಿ ಕಂಡ ಕೂಡಲೇ ಅಪ್ಪ ಕೇಳಿದ್ದು: "ಯಾರು ಕೊಯ್ದಿದ್ದು ಇದನ್ನ?" ನಿಜವಾಗಲೂ ಹಾಗೇ ಕಾಣುತ್ತದೆ. ಉದ್ದದ ದಿಮ್ಮಿ ಎರಡಡಿ, ಮೂರಡಿ ತುಂಡುಗಳಾಗಿ ಬಿದ್ದಿರುತ್ತದೆ. ಪ್ರತಿ ತುಂಡಿನ ಮುಖವೂ ಗರಗಸ ಹಾಕಿದ ಹಾಗೆ ನೇರ. ಅಪ್ಪ ಕೂತು, ಕನ್ನಡಕ ಮೇಲೆತ್ತಿ, ಗರಗಸದ ಹಲ್ಲಿನ ಗುರುತು ಹುಡುಕಿದರು. ಒಂದೂ ಇಲ್ಲ.

ಆ ಮುಖದ ಬಣ್ಣ ಹೇಗೆ ಹೇಳಲಿ. ನಡುವೆ ಹಸಿ ಮಾಂಸದ ಕೆಂಪು, ಸುತ್ತ ಅರಿಸಿನದ ಹಳದಿ, ಅಲ್ಲಲ್ಲಿ ನೇರಳೆ ಹಣ್ಣು ಜಜ್ಜಿದ ಹಾಗೆ ಕಪ್ಪು ನೇರಳೆ. ಒಂದು ಬಿರುಕಿನ ಒಳಗೆ ಕಲ್ಲುಸಕ್ಕರೆಯಂಥ ಹರಳುಗಳು. ಹೊರಗಡೆ ಮಾತ್ರ ಪೂರ್ತಿ ಮರವೇ. ಗೆಣ್ಣು ಇದೆ, ಎಳೆ ಇದೆ, ಹುಳ ತಿಂದ ಹಾಗಿರುವ ತೂತೂ ಇದೆ. ಅಮ್ಮ ಅದನ್ನು ಮುಟ್ಟಿ ನೋಡಿ, ತಣ್ಣಗಿದೆ ಅಂತ ಕೈ ಹಿಂದೆ ತೆಗೆದರು. ಕಣ್ಣಿಗೆ ಮರ, ಕೈಗೆ ಕಲ್ಲು.

ಅಪ್ಪ ಮೂರು ಪ್ರಶ್ನೆ ಕೇಳಿದರು. ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಗೊತ್ತಿರುವವರು ಹೇಳಿ.

ಇಷ್ಟು ನೇರವಾಗಿ ಮುರಿದಿದ್ದು ಹೇಗೆ? ಇಷ್ಟು ದೊಡ್ಡ ಮರ, ಆದರೆ ಒಂದಕ್ಕೂ ಕೊಂಬೆ ಇಲ್ಲ, ತೊಗಟೆ ಇಲ್ಲ, ಯಾಕೆ? ಮೂರನೆಯದು ಅವರನ್ನು ಜಾಸ್ತಿ ಕಾಡಿದ್ದು: ಮರದೊಳಗೆ ವರ್ಷಕ್ಕೊಂದರಂತೆ ಬೀಳುವ ಬಳೆಗಳು ಎಲ್ಲಿ? ಹತ್ತಾರು ದಿಮ್ಮಿ ನೋಡಿದರು. ಎಣಿಸುವಂಥ ಬಳೆ ಒಂದರಲ್ಲೂ ಸಿಗಲಿಲ್ಲ.

ಮಂಡ್ಯ_ಟು_ಫೀನಿಕ್ಸ್

ಅಕ್ಕ, ಓದಿ ತುಂಬ ಖುಷಿಯಾಯಿತು. ನಮ್ಮ ಮನೆಯಿಂದ ಮೂರೂವರೆ ಗಂಟೆ ದಾರಿ, ಆದರೂ ಆರು ವರ್ಷದಲ್ಲಿ ಒಂದು ಸಲವೂ ಹೋಗಿಲ್ಲ. ಪ್ರತಿ ಸಲ ಹೈವೇ 40ರಲ್ಲಿ ಬೋರ್ಡು ನೋಡಿಕೊಂಡು ಮುಂದೆ ಹೋಗುತ್ತೇವೆ. ಎಷ್ಟು ಹೊತ್ತು ಬೇಕು? ಯಾವ ಕಡೆಯಿಂದ ಒಳಗೆ ಹೋದರೆ ಒಳ್ಳೆಯದು?

ಕಲ್ಲುಬಂಡೆ

ನಾನು ಭೂವಿಜ್ಞಾನ ಓದಿದವನು. ನಿಮ್ಮ ತಂದೆಯವರ ಮೂರು ಪ್ರಶ್ನೆಯೂ ಒಂದೇ ಕಥೆಯ ಮೂರು ತುಂಡು. ಹೇಳುತ್ತೇನೆ.

ಅಲ್ಲಿನ ಬಂಡೆ ಪದರಗಳಿಗೆ ಚಿನ್ಲೆ ಅಂತ ಹೆಸರು. ಟ್ರಯಾಸಿಕ್ ಕಾಲದ ಕೊನೆಯ ಭಾಗದ್ದು, ಹೆಚ್ಚುಕಡಿಮೆ 22 ಕೋಟಿ ವರ್ಷ ಹಳೆಯದು. ಆಗ ಖಂಡಗಳೆಲ್ಲ ಒಂದೇ ಗಡ್ಡೆಯಾಗಿ ಅಂಟಿಕೊಂಡಿದ್ದವು, ಅದೇ ಪ್ಯಾಂಜಿಯಾ. ಅರಿಝೋನಾದ ಈ ಜಾಗ ಭೂಮಧ್ಯರೇಖೆಗೆ ಹತ್ತಿರ ಇತ್ತು. ಮರುಭೂಮಿಯಲ್ಲ, ದೊಡ್ಡ ದೊಡ್ಡ ಹೊಳೆ, ಜೌಗು, ಎತ್ತರದ ಮರ.

ಕೊಂಬೆ, ತೊಗಟೆ ಇಲ್ಲದ್ದಕ್ಕೆ ಕಾರಣ ಹೊಳೆ. ಬುಡ ಸಮೇತ ಬಿದ್ದ ಮರಗಳು ನೀರಿನಲ್ಲಿ ಕೊಚ್ಚಿಕೊಂಡು ಬಂದವು. ದಾರಿಯಲ್ಲಿ ಕೊಂಬೆ ಮುರಿದವು, ತೊಗಟೆ ಸುಲಿದು ಹೋಯಿತು. ಆಮೇಲೆ ಕೆಸರಿನಲ್ಲಿ ಹೂತು ಹೋದವು. ಮೇಲೆ ಮಣ್ಣು ಬಿತ್ತು, ಜ್ವಾಲಾಮುಖಿಗಳ ಬೂದಿ ಬಿತ್ತು. ಗಾಳಿ ಆಡದ ಜಾಗದಲ್ಲಿ ಮರ ಬೇಗ ಕೊಳೆಯುವುದಿಲ್ಲ. ಬೂದಿಯಲ್ಲಿದ್ದ ಸಿಲಿಕಾ ನೆಲದೊಳಗಿನ ನೀರಿನಲ್ಲಿ ಕರಗಿ ಮರದ ಒಳಗೆ ಇಳಿಯಿತು. ಕಾಲಕ್ರಮೇಣ ಅದೇ ಗಟ್ಟಿಯಾಗಿ ಬೆಣಚುಕಲ್ಲಾಯಿತು. ಕೆಂಪು, ಹಳದಿ ಬಂದಿದ್ದು ಕಬ್ಬಿಣದ ತುಕ್ಕಿನಿಂದ. ಕಪ್ಪು, ನೇರಳೆಗೆ ಮ್ಯಾಂಗನೀಸ್ ಕಾರಣ. ಬೆಳ್ಳಗೆ ಇದ್ದರೆ ಶುದ್ಧ ಬೆಣಚು.

ಇನ್ನು ನೇರವಾಗಿ ಮುರಿದ ವಿಷಯ. ಬೆಣಚು ತುಂಬ ಗಟ್ಟಿ, ಚಾಕುವಿನಲ್ಲಿ ಗೀರಿದರೂ ಗೆರೆ ಬೀಳಲ್ಲ. ಆದರೆ ಬಗ್ಗುವುದಿಲ್ಲ. ಕೊಲರಾಡೋ ಪ್ರಸ್ಥಭೂಮಿ ಮೇಲೆದ್ದಾಗ ನೆಲ ಅಲುಗಾಡಿತು, ಒತ್ತಡ ಬಿತ್ತು. ಉದ್ದದ ಕಲ್ಲಿನ ದಿಮ್ಮಿಗಳು ಬಳಪ ಮುರಿದ ಹಾಗೆ ಪಟಕ್ಕನೆ ಅಡ್ಡಕ್ಕೆ ಮುರಿದವು. ಅದಕ್ಕೇ ಗರಗಸದ ಗುರುತಿಲ್ಲ.

ಬಳೆಗಳ ಪ್ರಶ್ನೆ ಕೇಳಿದ ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ. ಅಲ್ಲಿನ ಬಹುಪಾಲು ದಿಮ್ಮಿಗಳಲ್ಲಿ ಸ್ಪಷ್ಟ ಬಳೆಗಳು ಇಲ್ಲವೇ ಇಲ್ಲ. ಚಳಿಗಾಲದಲ್ಲಿ ಬೆಳವಣಿಗೆ ನಿಂತು ಮತ್ತೆ ಶುರುವಾದರೆ ತಾನೇ ಬಳೆ ಬೀಳೋದು? ಭೂಮಧ್ಯರೇಖೆಯ ಹತ್ತಿರ ಆ ಥರದ ಚಳಿ ಇರಲಿಲ್ಲ. ಮರಗಳು ಹೆಚ್ಚುಕಡಿಮೆ ವರ್ಷವಿಡೀ ಬೆಳೆದವು. ಸಂಶೋಧಕರು ಆ ಕಾಲದ ಹವೆ ಹೇಗಿತ್ತು ಅಂತ ಊಹಿಸಲು ಇದನ್ನೇ ಒಂದು ಸಾಕ್ಷಿಯಾಗಿ ಹಿಡಿದಿದ್ದಾರೆ.

ತುಂಗಾತೀರ

ಸರ್, ಇದನ್ನು ಇಡೀ ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. (ಈಗ ಊರಿಗೆ ವಾಪಸ್ ಹೋಗಿದ್ದಾರೆ.) ಹೊಳೆಯ ಮಾತು ಬಂದ ಕೂಡಲೇ "ನಾನು ಅಲ್ಲೇ ಅಂದುಕೊಂಡೆ" ಅಂದರು. ಮಳೆಗಾಲದಲ್ಲಿ ತುಂಗೆಯಲ್ಲಿ ತೇಲಿ ಬರುವ ಮರ ಹೀಗೇ ಇರುತ್ತದಂತೆ. ಕೊಂಬೆ ಇರಲ್ಲ, ಮೈಯೆಲ್ಲ ಉಜ್ಜಿ ನುಣ್ಣಗಾಗಿರುತ್ತೆ, ಬೇರಿನ ಗಂಟು ಮಾತ್ರ ಉಳಿದಿರುತ್ತೆ. ಓಲ್ಡ್ ಫೇತ್‌ಫುಲ್ ಅಂತ ಒಂದು ದಿಮ್ಮಿ ಇದೆ, ಸುಮಾರು 35 ಅಡಿ ಉದ್ದ, ಬುಡ ಹತ್ತಿರ ಹತ್ತಿರ 10 ಅಡಿ ಅಗಲ. ಅದರ ಬುಡದಲ್ಲಿ ಬೇರಿನ ಗಂಟು ಹಾಗೇ ಇದೆ.

ಅಪ್ಪನ ತೂಕದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಣಗಿದ ಸಾಗುವಾನಿ ಒಂದು ಸಿಎಫ್‌ಟಿಗೆ 18ರಿಂದ 20 ಕೆಜಿ. ಇದು 70 ಕೆಜಿಗೂ ಜಾಸ್ತಿ. ದಿಮ್ಮಿಯ ಸುತ್ತಳತೆ ತೆಗೆದು, ಅದನ್ನು ನಾಲ್ಕು ಭಾಗ ಮಾಡಿ, ಒಂದು ಭಾಗವನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದಕ್ಕೆ ಗುಣಿಸುವುದು ಅವರ ಪದ್ಧತಿ. ಪಾರ್ಕಿನಲ್ಲಿ ನಡೆದಷ್ಟು ದೂರವೂ ಬಾಯಲ್ಲಿ ಇದೇ ಲೆಕ್ಕ.

@ಮಂಡ್ಯ_ಟು_ಫೀನಿಕ್ಸ್, ನಿಮಗೆ ದಕ್ಷಿಣದ ಬಾಗಿಲೇ ಸರಿ. ಹಾಲ್‌ಬ್ರೂಕ್‌ನಿಂದ ಹೈವೇ 180 ಹಿಡಿದರೆ ಅರ್ಧ ಗಂಟೆಯೊಳಗೆ ಸಿಗುತ್ತೆ. ಒಳಗಿನ ರಸ್ತೆ 28 ಮೈಲಿ, ಅಂದರೆ 45 ಕಿಲೋಮೀಟರ್. ಬೆಳಿಗ್ಗೆ ದಕ್ಷಿಣದಲ್ಲಿ ಮರ ನೋಡಿ, ನಿಧಾನಕ್ಕೆ ಉತ್ತರಕ್ಕೆ ಬಂದರೆ ಸಂಜೆ ಬಿಸಿಲಿಗೆ ಪೇಂಟೆಡ್ ಡೆಸರ್ಟ್ ಸಿಗುತ್ತದೆ. ಆ ಹೊತ್ತಿನಲ್ಲಿ ಗುಡ್ಡಗಳು ಕೆಂಡದ ಹಾಗೆ ಕಾಣುತ್ತವೆ. ಅಲ್ಲಿಂದ ಹಾಗೇ ಹೈವೇ 40ಕ್ಕೆ ಸೇರಬಹುದು. ಎರಡು ಗಂಟೆಯಲ್ಲಿ ಮುಗಿಸುವವರೂ ಇದ್ದಾರೆ, ನನ್ನ ಮಾತು ಕೇಳಿದರೆ ಒಂದು ದಿನ ಪೂರ್ತಿ ಇಡಿ. ಗೇಟು ಸಂಜೆಯೇ ಮುಚ್ಚುತ್ತದೆ, ಸಮಯ ಮೊದಲೇ ನೋಡಿಕೊಳ್ಳಿ. ಒಳಗೆ ಟೆಂಟ್ ಹಾಕಲು ಕ್ಯಾಂಪ್‌ಗ್ರೌಂಡ್ ಇಲ್ಲ. ನೆರಳು ಅಂತೂ ಕೇಳಲೇಬೇಡಿ, ನೀರು ಜಾಸ್ತಿ ಇಟ್ಟುಕೊಳ್ಳಿ. ಮರುಭೂಮಿ ಅಂದರೆ ಸೆಖೆ ಅಂದುಕೊಂಡು ನಾವು ಸ್ವೆಟರ್ ಕಾರಿನಲ್ಲೇ ಬಿಟ್ಟಿದ್ದೆವು. ಜಾಗ ಐದು ಸಾವಿರ ಅಡಿಗೂ ಎತ್ತರ. ಬೆಳಗಿನ ಗಾಳಿಗೆ ಅಮ್ಮನ ಹಲ್ಲು ಕಟಕಟ ಅಂದವು.

ಹೊಸಪೇಟೆ_ಹುಡುಗ

ಈ ವಿಷಯ ಇಲ್ಲಿ ಹೇಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಹೇಳುತ್ತೇನೆ.

ಎಂಎಸ್ ಓದುವಾಗ ನಾಲ್ಕು ಜನ ಗೆಳೆಯರು ಹೋಗಿದ್ದೆವು. ಕ್ರಿಸ್ಟಲ್ ಫಾರೆಸ್ಟ್ ದಾರಿಯಲ್ಲಿ ಅಡಿಕೆಯಷ್ಟು ದೊಡ್ಡ ತುಂಡು ಬಿದ್ದಿತ್ತು. ಒಂದು ಕಡೆ ಕೆಂಪು, ಇನ್ನೊಂದು ಕಡೆ ಗಾಜಿನ ಹಾಗೆ ಬಿಳಿ. ಜೇಬಿಗೆ ಹಾಕಿಕೊಂಡೆ. ಇಷ್ಟು ದೊಡ್ಡ ಜಾಗದಲ್ಲಿ ಇದೊಂದು ಯಾವ ಲೆಕ್ಕ ಅಂತ ಆಗ ಅನ್ನಿಸಿತ್ತು. ನಾಲ್ಕು ವರ್ಷ ಅದು ನನ್ನ ಮೇಜಿನ ಮೇಲೆ ಇತ್ತು. ಬಂದವರೆಲ್ಲ ಎಲ್ಲಿಂದ ತಂದಿದ್ದು ಅಂತ ಕೇಳುವರು. ಒಬ್ಬರಿಗೂ ನಿಜ ಹೇಳಲಿಲ್ಲ. ಕೊನೆಗೆ ನನ್ನ ಮಗಳು ಕೇಳಿದಾಗಲೂ ಸುಳ್ಳೇ ಬಾಯಿಗೆ ಬಂತು. ಅವತ್ತು ರಾತ್ರಿ ಪೊಟ್ಟಣ ಕಟ್ಟಿ, ಕ್ಷಮೆ ಕೇಳಿ ಚೀಟಿ ಬರೆದು, ಪಾರ್ಕಿಗೆ ಕಳಿಸಿದೆ.

ಆಮೇಲೆ ಗೊತ್ತಾಗಿದ್ದು, ವಾಪಸ್ ಬಂದ ಕಲ್ಲನ್ನು ಅದರ ಜಾಗಕ್ಕೆ ಇಡಲು ಆಗುವುದಿಲ್ಲವಂತೆ. ನನ್ನಂಥವರು ಕಳಿಸಿದ ಕಲ್ಲುಗಳನ್ನೆಲ್ಲ ಒಂದು ಕಡೆ ರಾಶಿ ಹಾಕಿದ್ದಾರೆ, ಅದಕ್ಕೆ ಕಾನ್ಷಿಯನ್ಸ್ ಪೈಲ್ ಅಂತ ಹೆಸರು. ನನ್ನ ಕಲ್ಲು ಈಗ ಆ ರಾಶಿಯಲ್ಲಿದೆ.

ಕಲ್ಲುಬಂಡೆ

ಕಳಿಸಿದ್ದು ಒಳ್ಳೆಯದಾಯಿತು. ಯಾಕೆ ಇಡಲು ಆಗಲ್ಲ ಅಂದರೆ, ಆ ಕಲ್ಲು ಯಾವ ಪದರದಿಂದ ಬಂತು, ಯಾವ ದಿಮ್ಮಿಯ ತುಂಡು ಅಂತ ಈಗ ಯಾರಿಗೂ ಗೊತ್ತಿಲ್ಲ. ಸುಮ್ನೆ ಎಲ್ಲೋ ಹಾಕಿದರೆ ನಾಳೆ ಅಧ್ಯಯನ ಮಾಡುವವರಿಗೆ ಸುಳ್ಳು ಸಾಕ್ಷಿ ಹೇಳಿದಂತಾಗುತ್ತದೆ. ಪಳೆಯುಳಿಕೆಯಲ್ಲಿ ಅರ್ಧ ಬೆಲೆ ವಸ್ತುವಿಗೆ, ಇನ್ನರ್ಧ ಅದು ಬಿದ್ದಿದ್ದ ಜಾಗಕ್ಕೆ.

ಗೀತಾ_ಮೇಡಂ

ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತೇನೆ. ಪ್ರತಿ ವರ್ಷ ಇದೇ ಪಾರ್ಕಿನ ಉದಾಹರಣೆ ಹೇಳುತ್ತೇನೆ. ರಾಬರ್ಟ್ ಚಾಲ್ಡೀನಿ ಮತ್ತು ಜೊತೆಯವರು ಅಲ್ಲಿನ ದಾರಿಗಳಲ್ಲಿ ಗುರುತು ಮಾಡಿದ ತುಂಡುಗಳನ್ನು ಇಟ್ಟು ಒಂದು ಪ್ರಯೋಗ ಮಾಡಿದರು. ಒಂದು ಫಲಕದಲ್ಲಿ "ತುಂಬ ಜನ ಇಲ್ಲಿಂದ ಮರ ಒಯ್ದಿದ್ದಾರೆ, ಇದರಿಂದ ಕಾಡು ಹಾಳಾಗಿದೆ" ಅನ್ನುವ ಅರ್ಥದ ಮಾತು. ಇನ್ನೊಂದರಲ್ಲಿ "ದಯವಿಟ್ಟು ಒಯ್ಯಬೇಡಿ" ಅನ್ನುವ ನೇರ ಮಾತು. ಮೊದಲನೆಯದು ಇದ್ದಾಗ ಗುರುತಿನ ತುಂಡುಗಳಲ್ಲಿ ನೂರಕ್ಕೆ ಸುಮಾರು 8 ಕಾಣೆಯಾದವು. ಎರಡನೆಯದು ಇದ್ದಾಗ ನೂರಕ್ಕೆ 2ಕ್ಕಿಂತ ಕಡಿಮೆ.

"ಎಲ್ಲರೂ ತಗೊಂಡು ಹೋಗುತ್ತಿದ್ದಾರೆ" ಅಂತ ಕೇಳಿದವರಿಗೆ ತಾವೂ ಒಂದು ತಗೊಂಡರೆ ತಪ್ಪೇನು ಅನ್ನಿಸಿಬಿಡುತ್ತದೆ. ಮಕ್ಕಳ ಜೊತೆ ಹೋಗುವವರು "ನೋಡು, ಎಷ್ಟೊಂದು ಜನ ಕದ್ದಿದ್ದಾರೆ" ಅನ್ನಬೇಡಿ. "ಇದು ಇಲ್ಲೇ ಇರಲಿ ಕಂದಾ" ಅನ್ನಿ, ಸಾಕು.

ತುಂಗಾತೀರ

ಈ ಮಾತು ಬಂದಿದ್ದಕ್ಕೆ ನಾನೂ ಒಂದು ಹೇಳುತ್ತೇನೆ. ಕ್ರಿಸ್ಟಲ್ ಫಾರೆಸ್ಟ್‌ನಲ್ಲೇ ಅಪ್ಪ ಒಂದು ಚೂರು ಎತ್ತಿಕೊಂಡರು. ಬೆರಳುದ್ದ ಇರಬಹುದು. ನನಗೆ ಎದೆ ಧಸಕ್ ಅಂದಿತು. ಅಪ್ಪ ಅದನ್ನು ಅಂಗೈಯಲ್ಲಿ ತೂಗಿ ನೋಡಿದರು, ಉಗುರಿನಿಂದ ಎಳೆಯ ಉದ್ದಕ್ಕೂ ಗೀರಿದರು, ಮೂಗಿನ ಹತ್ತಿರ ಹಿಡಿದರು. ಮಿಲ್ಲಿನಲ್ಲಿ ಮರದ ಜಾತಿ ಗೊತ್ತಾಗದಿದ್ದರೆ ವಾಸನೆ ನೋಡುವುದು ಅವರ ಅಭ್ಯಾಸ. "ಏನೂ ಇಲ್ಲ" ಅಂದರು. ಆಮೇಲೆ ಮೊಣಕಾಲು ನೋವಿದ್ದರೂ ಬಗ್ಗಿ ಕೂತರು. ಆ ಚೂರು ಬಿದ್ದಿದ್ದ ಕಡೆ ಮಣ್ಣಿನಲ್ಲಿ ಅದರದ್ದೇ ಅಚ್ಚು ಇತ್ತು, ಚಪ್ಪಲಿಯ ಗುರುತಿನ ಹಾಗೆ. ಅದೇ ಅಚ್ಚಿಗೆ, ಮೊದಲು ಯಾವ ಮಗ್ಗುಲು ಮೇಲಿತ್ತೋ ಅದೇ ಮಗ್ಗುಲು ಮೇಲೆ ಬರುವ ಹಾಗೆ, ತಿರುಗಿಸಿ ಕೂರಿಸಿದರು. ಒಂದು ಸಲ ಸರಿಯಾಗಿ ಕೂರಲಿಲ್ಲ. ಮತ್ತೆ ತೆಗೆದು ಕೂರಿಸಿದರು.

ಕೋಟೆನಾಡು

ಬೇಜಾರು ಮಾಡಿಕೊಳ್ಳಬೇಡಿ ಅಕ್ಕ, ಎತ್ತುವುದೂ ತಪ್ಪೇ ಅಲ್ವಾ? ಎಲ್ಲರೂ ಎತ್ತಿ ಎತ್ತಿ ಇಟ್ಟರೆ ಏನಾಗುತ್ತೆ?

ತುಂಗಾತೀರ

ಹೌದು, ನಿಮ್ಮ ಮಾತು ಸರಿ. ಎತ್ತಬಾರದು. ಅಪ್ಪನಿಗೂ ಹೇಳಿದ್ದೇನೆ. ಮುಟ್ಟಿ ನೋಡುವ ಆಸೆ ಇದ್ದರೆ ದಾರಿಯ ಪಕ್ಕದ ದೊಡ್ಡ ದಿಮ್ಮಿಗಳೇ ಸಾಕು. ಮನೆಗೆ ಒಂದು ಬೇಕೇ ಬೇಕು ಅನ್ನುವವರು ಹಾಲ್‌ಬ್ರೂಕ್‌ನ ಅಂಗಡಿಗಳಲ್ಲಿ ಕೊಳ್ಳಬಹುದು, ಅಲ್ಲಿ ಮಾರುವುದು ಪಾರ್ಕಿನ ಹೊರಗಿನ ಖಾಸಗಿ ಜಮೀನಿನದ್ದು. ಅಮ್ಮ ನಯ ಮಾಡಿದ ಒಂದು ಸಣ್ಣ ಬಿಲ್ಲೆ ಕೊಂಡರು. ರಸೀದಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆವು.

ಅಡಿಕೆತೋಟ

ನಾನು ಸಾಗರದ ಕಡೆಯವನು. ಅಮೆರಿಕ ನೋಡಿಲ್ಲ, ನೋಡುವ ಯೋಗ ಇದೆಯೋ ಇಲ್ಲವೋ. ಒಂದು ಪ್ರಶ್ನೆ. ಮರ ಬಿಟ್ಟು ಪ್ರಾಣಿಗಳದ್ದೂ ಏನಾದರೂ ಸಿಕ್ಕಿದೆಯಾ? ಮತ್ತೆ ನಮ್ಮ ಕರ್ನಾಟಕದಲ್ಲಿ ಇಂಥದ್ದು ಯಾಕಿಲ್ಲ?

ಕಲ್ಲುಬಂಡೆ

ಸರ್, ನಿಮ್ಮ ಮೊದಲ ಪ್ರಶ್ನೆಗೆ ನಿಮ್ಮ ತೋಟದಲ್ಲೇ ಒಂದು ಉತ್ತರ ಇದೆ. ಮಳೆಗಾಲದಲ್ಲಿ ಗೊಬ್ಬರದ ಗುಂಡಿ ಅಗೆಯುವಾಗ ದೊಡ್ಡ ಎರೆಹುಳುವಿನ ಹಾಗೆ, ಮೈತುಂಬ ಉಂಗುರ ಇರುವ, ಲೋಳೆ ಲೋಳೆಯಾದ ಪ್ರಾಣಿ ನೋಡಿರುತ್ತೀರಿ. ಹಾವಲ್ಲ, ಹುಳವಲ್ಲ, ಕಪ್ಪೆಯ ನೆಂಟ. ಸಿಸಿಲಿಯನ್ ಅನ್ನುತ್ತಾರೆ. ಪಶ್ಚಿಮ ಘಟ್ಟದಲ್ಲಿ ಇವುಗಳ ಹಲವು ಜಾತಿ ಇವೆ. ಇವುಗಳ ವಂಶದ ಈವರೆಗಿನ ಅತಿ ಹಳೆಯ ಪಳೆಯುಳಿಕೆ ಸಿಕ್ಕಿದ್ದು ಇದೇ ಪೆಟ್ರಿಫೈಡ್ ಫಾರೆಸ್ಟ್‌ನಲ್ಲಿ. ಸಣ್ಣ ಸಣ್ಣ ದವಡೆ ಚೂರುಗಳು, ಸುಮಾರು 22 ಕೋಟಿ ವರ್ಷ ಹಳೆಯವು. ಫಂಕಸ್‌ವರ್ಮಿಸ್ ಅಂತ ಹೆಸರಿಟ್ಟು 2023ರಲ್ಲಿ ಪ್ರಕಟಿಸಿದರು.

ದೊಡ್ಡವೂ ಇವೆ. ಮೊಸಳೆಯ ಹಾಗೆ ಕಾಣುವ ಫೈಟೋಸಾರ್, ಅಗಲ ತಲೆಯ ಮೆಟೊಪೊಸಾರ್, ಮತ್ತೆ ಆರಂಭದ ಕಾಲದ ಚಿಕ್ಕ ಡೈನೋಸಾರ್‌ಗಳು. 2025ರಲ್ಲಿ ಹಾರುವ ಸರೀಸೃಪವೊಂದರ ದವಡೆಯನ್ನೂ ವರದಿ ಮಾಡಿದರು, ಅದು ಸುಮಾರು 21 ಕೋಟಿ ವರ್ಷದ್ದು. ಕೆಲವನ್ನು ಮ್ಯೂಸಿಯಂನಲ್ಲಿ ನೋಡಬಹುದು. ಫೈಟೋಸಾರ್, ಮೆಟೊಪೊಸಾರ್ ನೋಡಲು ಅಷ್ಟು ದೂರ ಹೋಗಬೇಕಂತಲೂ ಇಲ್ಲ. ತೆಲಂಗಾಣದ ಹಳೇ ಆದಿಲಾಬಾದ್ ಜಿಲ್ಲೆಯ ಮಲೇರಿ ಪದರಗಳಲ್ಲಿ ಅದೇ ಬಳಗದ ಪ್ರಾಣಿಗಳು ಸಿಕ್ಕಿವೆ. ಕೋಲ್ಕತ್ತದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನವರು ಅಲ್ಲಿ ಬಹಳ ಕೆಲಸ ಮಾಡಿದ್ದಾರೆ.

ಇನ್ನು ಕರ್ನಾಟಕ. ನಮ್ಮ ನೆಲದ ಬಹುಪಾಲು ಬಂಡೆ ಮರಗಳಿಗಿಂತ ಎಷ್ಟೋ ಹಳೆಯದು. ಲಾಲ್‌ಬಾಗ್ ಬಂಡೆಯನ್ನೇ ತಗೊಳ್ಳಿ, ಸುಮಾರು 300 ಕೋಟಿ ವರ್ಷದ್ದು. ಭೂಮಿಯ ಮೇಲೆ ಮರ ಅಂತ ಶುರುವಾಗಿ 40 ಕೋಟಿ ವರ್ಷವೂ ಆಗಿಲ್ಲ. ಆ ಬಂಡೆ ಆದಾಗ ಕಲ್ಲಾಗಲು ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

ಅಡಿಕೆತೋಟ

ಆ ಹುಳ ನನಗೆ ಚೆನ್ನಾಗಿ ಗೊತ್ತು. ಹಾವು ಅಂತ ಕೆಲಸದವರು ಹೊಡೆಯುತ್ತಾರೆ. ನಾಳೆಯಿಂದ ಹೊಡೆಯಲು ಬಿಡುವುದಿಲ್ಲ.

ಧಾರವಾಡದವ

ರಾಜಸ್ಥಾನ ಪ್ರವಾಸ ಮಾಡೋರಿಗೆ ಒಂದು ಮಾತು. ಜೈಸಲ್ಮೇರ್‌ನಿಂದ ಬಾರ್ಮೇರ್ ರಸ್ತೆಯಲ್ಲಿ ಸುಮಾರು 17 ಕಿಲೋಮೀಟರ್ ಹೋದರೆ ಆಕಲ್ ಅನ್ನುವ ಊರು. ಅಲ್ಲೂ ಕಲ್ಲಾದ ಮರದ ಪಾರ್ಕ್ ಇದೆ, ಥಾರ್ ಮರುಭೂಮಿಯ ನಡುವೆ. ಅವು ಸುಮಾರು 18 ಕೋಟಿ ವರ್ಷದವು, ಜುರಾಸಿಕ್ ಕಾಲದ್ದು. ಎಲ್ಲಕ್ಕಿಂತ ದೊಡ್ಡದು 13 ಮೀಟರ್‌ಗೂ ಉದ್ದ. ಅರಿಝೋನಾದಷ್ಟು ಬಣ್ಣ ಇಲ್ಲ, ಕಂದು ಬಣ್ಣ ಜಾಸ್ತಿ. ದೊಡ್ಡ ದಿಮ್ಮಿಗಳ ಮೇಲೆ ತಗಡಿನ ಸೂರು, ಸುತ್ತ ಜಾಲರಿ ಹಾಕಿದ್ದಾರೆ. ಕೋಟೆ, ಒಂಟೆ ಸವಾರಿ ಮುಗಿಸಿ ಜನ ವಾಪಸ್ ಹೋಗಿಬಿಡುತ್ತಾರೆ. ನಾವು ಹೋದಾಗ ಕಾವಲುಗಾರರು ಬಿಟ್ಟರೆ ಯಾರೂ ಇರಲಿಲ್ಲ. ಒಂದು ಗಂಟೆ ಸಾಕು, ದಯವಿಟ್ಟು ಬಿಡಬೇಡಿ. ಜನ ಬಂದರೆ ತಾನೇ ಇನ್ನೂ ಚೆನ್ನಾಗಿ ನೋಡಿಕೊಳ್ಳೋದು.

ಮಂಡ್ಯ_ಟು_ಫೀನಿಕ್ಸ್

ಅಕ್ಕ, ಬರುವ ಶನಿವಾರ ಹೊರಟಿದ್ದೇವೆ! ನೀವು ನೋಡದೆ ಬಿಟ್ಟಿದ್ದು ಏನಾದರೂ ಇದೆಯಾ?

ತುಂಗಾತೀರ

ಲಾಂಗ್ ಲಾಗ್ಸ್ ದಾರಿ. ಒಂದೂವರೆ ಮೈಲಿಗೂ ಸ್ವಲ್ಪ ಜಾಸ್ತಿ, ಅಪ್ಪನ ಮೊಣಕಾಲಿಗೆ ಆಗಲಿಲ್ಲ. ಅಲ್ಲಿ ದಿಮ್ಮಿಗಳ ತುಂಡುಗಳು ಬುಡದಿಂದ ತುದಿಯ ಕಡೆಗೆ ಸಾಲಾಗಿ ಬಿದ್ದಿವೆಯಂತೆ. ಒಂದು ಮರ ಒಟ್ಟು ಎಷ್ಟು ಉದ್ದ ಇತ್ತು ಅಂತ ನೋಡಬೇಕಿತ್ತು ಅಂತ ಅಪ್ಪ ಊರಿಗೆ ಹೋದ ಮೇಲೂ ಹೇಳುತ್ತಿರುತ್ತಾರೆ. ಆಗುತ್ತದಾದರೆ ದಾರಿಯಲ್ಲೇ ನಿಂತು, ಒಂದು ಮರದ ಉದ್ದ ಅಂದಾಜು ಮಾಡಿ ಬನ್ನಿ.

ಮಂಡ್ಯ_ಟು_ಫೀನಿಕ್ಸ್

ಹೋಗಿ ಬಂದೆವು. ಬ್ಲೂ ಮೇಸಾದಲ್ಲಿ ಕೆಳಗೆ ಇಳಿದೆವು. ನೀಲಿ, ಬೂದಿ ಬಣ್ಣದ ಮಣ್ಣಿನ ಗುಡ್ಡಗಳ ನಡುವೆ ನಡೆಯುವಾಗ ಮಕ್ಕಳೂ ಮಾತಾಡಲಿಲ್ಲ. ಅಗೇಟ್ ಹೌಸ್ ನೋಡಿ ನನಗೆ ಆಶ್ಚರ್ಯವಾಯಿತು. ಏಳು ನೂರು ವರ್ಷಕ್ಕೂ ಹಿಂದೆ ಅಲ್ಲಿದ್ದ ಜನ ಕಲ್ಲಾದ ಮರದ ತುಂಡುಗಳನ್ನೇ ಮಣ್ಣಿನಲ್ಲಿ ಕೂರಿಸಿ ಮನೆ ಕಟ್ಟಿಕೊಂಡಿದ್ದರು. ಈಗ ನಿಂತಿರುವ ಗೋಡೆಯಲ್ಲಿ 1930ರ ದಶಕದ ದುರಸ್ತಿಯೂ ಇದೆ. ಮಕ್ಕಳು ಏನೂ ಎತ್ತಲಿಲ್ಲ, ಗೀತಾ ಮೇಡಂ ಹೇಳಿದ ಮಾತನ್ನೇ ಹೇಳಿದ್ದೆ.

ನಿಮ್ಮ ಅಪ್ಪನಿಗೆ ಹೇಳಿ: ಲಾಂಗ್ ಲಾಗ್ಸ್‌ನಲ್ಲಿ ದಾರಿಗೆ ಹೆಚ್ಚುಕಡಿಮೆ ಸಮನಾಗಿ ಬಿದ್ದ ಒಂದು ಮರ ಸಿಕ್ಕಿತು. ದಾರಿ ಬಿಟ್ಟು ಇಳಿಯಲಿಲ್ಲ. ಅದರ ಪಕ್ಕಕ್ಕೇ ಹೆಜ್ಜೆ ಎಣಿಸುತ್ತಾ ನಡೆದೆ, ಮಗ ಜೋರಾಗಿ ಎಣಿಸಿದ. ಬೇರಿನ ಗಂಟಿನಿಂದ ಕೊನೆಯ ತುಂಡಿನವರೆಗೆ ನಲವತ್ತೆರಡು ಹೆಜ್ಜೆ. ನನ್ನ ಹೆಜ್ಜೆ ಎರಡೂವರೆ ಅಡಿ. ನೂರೈದು ಅಡಿ ಆಯಿತು. ತುದಿ ಮಣ್ಣಿನೊಳಗೆ ಹೋಗಿದೆ, ಇನ್ನೂ ಇರಬಹುದು.

ತುಂಗಾತೀರ

ಈಗಷ್ಟೇ ಅಪ್ಪನಿಗೆ ಓದಿ ಹೇಳಿದೆ. ನೂರೈದು ಅಡಿ ಅನ್ನುವುದನ್ನು ಎರಡು ಸಲ ಹೇಳಿಸಿದರು. ಬುಡದ ಸುತ್ತಳತೆ ಎಷ್ಟಿತ್ತು ಅಂತ ಕೇಳುತ್ತಿದ್ದಾರೆ.